ಕೌಟುಂಬಿಕ ನ್ಯಾಯಾಲಯದ ಮುಂದಿರುವ ದಂಪತಿಗಳಿಗೂ ಅವರ ಬಂಧುಗಳಿಗೂ: ಜಾಲತಾಣದ ಬಳಕೆ ಕುರಿತು ಒಂದು ಬಹಿರಂಗ ಪತ್ರ



ವಿವಾಹ ವಿಚ್ಛೇದನ ಕೋರಿ ಕರ್ನಾಟಕದ ಕೌಟುಂಬಿಕ ನ್ಯಾಯಾಲಯಗಳ ಮೊರೆ ಹೊಕ್ಕಿರುವ, ಹೋಗಲು ನಿರ್ಧರಿಸಿರುವ, ಅಥವಾ ಅಲ್ಲಿಂದ ಬಂದ ನೋಟಿಸನ್ನು ಕೈಯಲ್ಲಿ ಹಿಡಿದು ದಿಕ್ಕು ತೋಚದೆ ಕುಳಿತಿರುವ ಪತಿ ಪತ್ನಿಯರನ್ನೂ, ಅವರ ಬೆನ್ನಿಗೆ ನಿಂತಿರುವ ತಂದೆ ತಾಯಿ, ಒಡಹುಟ್ಟಿದವರು ಮತ್ತು ಗೆಳೆಯರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯಲಾಗಿದೆ. ದಾಂಪತ್ಯದ ವ್ಯಾಜ್ಯ ಇತ್ಯರ್ಥವಾಗುವವರೆಗೆ ಅದಕ್ಕೆ ಸಂಬಂಧಿಸಿದ ಯಾವ ಮಾತನ್ನಾಗಲಿ, ಚಿತ್ರವನ್ನಾಗಲಿ, ಕಾಗದವನ್ನಾಗಲಿ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಪ್ರಕಟಿಸದಿರಬೇಕು, ಆದರೆ ಈಗಾಗಲೇ ಇರುವುದನ್ನು ಜೋಪಾನವಾಗಿ ಉಳಿಸಿಕೊಳ್ಳಬೇಕು ಎಂಬುದು ಪತ್ರದ ವಿನಂತಿ. ಉಳಿಸಿಕೊಳ್ಳುವುದು ಸಾಕ್ಷ್ಯಕ್ಕೆ ಸೇರಿದ ಕೆಲಸ, ಪ್ರಕಟಿಸುವುದು ಪ್ರಚಾರಕ್ಕೆ ಸೇರಿದ ಕೆಲಸ. ಇವೆರಡನ್ನೂ ಒಂದೇ ಎಂದು ಭಾವಿಸಿದವರು ಕೈಯಲ್ಲಿದ್ದ ಗಟ್ಟಿ ಪ್ರಕರಣವನ್ನೂ ದುರ್ಬಲಗೊಳಿಸಿಕೊಳ್ಳುತ್ತಾರೆ, ಅದಕ್ಕಿಂತ ಹೆಚ್ಚಾಗಿ ತಮ್ಮ ಮಕ್ಕಳಿಗೆ ನೋವು ತರುತ್ತಾರೆ.

ಇಂತಹ ವ್ಯಾಜ್ಯಗಳಿಗೆ ಕಾನೂನು ಮೊದಲಿನಿಂದಲೂ ಒಂದು ಮರೆಯನ್ನು ಒದಗಿಸಿದೆ. ಹಿಂದೂ ವಿವಾಹ ಅಧಿನಿಯಮ 1955ರ 22ನೇ ಸೆಕ್ಷನ್ ತನ್ನ ಮೂಲ ರೂಪದಲ್ಲಿ, ಪಕ್ಷಗಾರರಲ್ಲಿ ಒಬ್ಬರು ಬಯಸಿದಾಗ ಅಥವಾ ನ್ಯಾಯಾಲಯಕ್ಕೆ ಸೂಕ್ತವೆನಿಸಿದಾಗ ಗೋಪ್ಯ ವಿಚಾರಣೆ ನಡೆಸಬೇಕು ಎಂದಿತ್ತು. 1976ರ ತಿದ್ದುಪಡಿ ಅದನ್ನು ಎಲ್ಲ ಪ್ರಕರಣಗಳಿಗೂ ಕಡ್ಡಾಯಗೊಳಿಸಿತು. ಗೋಪ್ಯ ವಿಚಾರಣೆ, ಅಂದರೆ ನ್ಯಾಯಾಲಯದ ಮಾತಿನಲ್ಲಿ ಇನ್ ಕ್ಯಾಮೆರಾ ವಿಚಾರಣೆ, ಪಕ್ಷಗಾರರು, ಅವರ ವಕೀಲರು, ಸಾಕ್ಷಿಗಳು ಮತ್ತು ನ್ಯಾಯಾಲಯದ ಸಿಬ್ಬಂದಿಯ ಹೊರತು ಬೇರೆಯವರಿಗೆ ಪ್ರವೇಶವಿಲ್ಲದ ವಿಚಾರಣೆ. ಅದೇ ಸೆಕ್ಷನ್, ಉಚ್ಚ ನ್ಯಾಯಾಲಯ ಅಥವಾ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಪೂರ್ವಾನುಮತಿ ಪಡೆದು ಪ್ರಕಟಿಸುವುದನ್ನು ಬಿಟ್ಟರೆ, ಆ ವ್ಯವಹರಣೆಗೆ ಸಂಬಂಧಿಸಿದ ಯಾವುದನ್ನೂ ಯಾವ ವ್ಯಕ್ತಿಯೂ ಮುದ್ರಿಸಬಾರದು, ಪ್ರಕಟಿಸಬಾರದು ಎನ್ನುತ್ತದೆ. ಧರ್ಮ, ಜಾತಿಗಳ ಎಲ್ಲೆ ಮೀರಿ ನಡೆದ ನೋಂದಾಯಿತ ಮದುವೆಗಳಿಗೆ ಅನ್ವಯಿಸುವ ವಿಶೇಷ ವಿವಾಹ ಅಧಿನಿಯಮ 1954ರ 33ನೇ ಸೆಕ್ಷನ್‌ನಲ್ಲಿಯೂ ಇದೇ ನಿರ್ಬಂಧವಿದೆ. ಇನ್ನು ಯಾವ ಧರ್ಮದ ವೈಯಕ್ತಿಕ ಕಾನೂನಿಗೆ ಒಳಪಟ್ಟವರೇ ಆಗಿರಲಿ, ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮ 1984ರ 11ನೇ ಸೆಕ್ಷನ್ ಪ್ರಕಾರ ಇಬ್ಬರಲ್ಲಿ ಒಬ್ಬರು ಕೋರಿದರೂ ವಿಚಾರಣೆ ಗೋಪ್ಯವಾಗಿಯೇ ನಡೆಯಬೇಕಾಗುತ್ತದೆ.

ಯಾವ ವ್ಯಕ್ತಿಯೂ ಎಂದು ಶಾಸನ ಹೇಳುವಾಗ ಅದರಲ್ಲಿ ಪತ್ರಿಕೆಯವರಷ್ಟೇ ಇಲ್ಲ, ಪಕ್ಷಗಾರರೂ ಅವರ ಮನೆಯವರೂ ಇದ್ದಾರೆ. ಅರ್ಜಿಯ ಪುಟವೊಂದರ ಚಿತ್ರ ತೆಗೆದು ಸ್ಟೇಟಸ್‌ಗೆ ಹಾಕುವುದು, ಪಾಟಿ ಸವಾಲಿನಲ್ಲಿ ಎದುರು ಪಕ್ಷದವರು ತಡವರಿಸಿದ್ದನ್ನು ಬಣ್ಣಿಸಿ ಬರೆಯುವುದು, ಮಧ್ಯಂತರ ಆದೇಶದ ಪ್ರತಿಯನ್ನು ಸಮುದಾಯದ ಗುಂಪಿನಲ್ಲಿ ಹಂಚುವುದು, ಇವೆಲ್ಲವೂ ಆ ನಿರ್ಬಂಧದ ವ್ಯಾಪ್ತಿಗೆ ಬರುತ್ತವೆ. ಉಲ್ಲಂಘನೆಗೆ ಹಿಂದೂ ವಿವಾಹ ಅಧಿನಿಯಮ ವಿಧಿಸುವ ದಂಡ ಹೆಚ್ಚೆಂದರೆ 1000 ರೂಪಾಯಿ ಆಗಿರುವುದರಿಂದ ಅನೇಕರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಈ ನಿಯಮದ ತೂಕ ದಂಡದ ಮೊತ್ತದಲ್ಲಿಲ್ಲ. ದಾಂಪತ್ಯದ ವ್ಯಾಜ್ಯದಲ್ಲಿ ಹೇಳಲೇಬೇಕಾದ ಸಂಗತಿಗಳು, ಹಾಸಿಗೆಯ ಮಾತು, ಕಾಯಿಲೆ, ಕುಡಿತ, ಸಾಲ, ಅನುಮಾನ, ಇವು ಒಬ್ಬ ಮನುಷ್ಯ ತನ್ನ ತಾಯಿಯ ಮುಂದೆಯೂ ಹೇಳಲು ಹಿಂಜರಿಯುವಂಥವು. ಅವನ್ನು ನ್ಯಾಯಾಧೀಶರ ಮುಂದೆ ಅಂಜಿಕೆಯಿಲ್ಲದೆ ಹೇಳಲು ಸಾಧ್ಯವಾಗಲಿ ಎಂದೇ ಈ ಮರೆ ಇದೆ. ಅದನ್ನು ತಮ್ಮ ಕೈಯಾರೆ ಸರಿಸಿದವರು ಎದುರು ಪಕ್ಷದವರ ಮಾನವನ್ನು ಮಾತ್ರ ಬೀದಿಗೆ ತರುವುದಿಲ್ಲ, ತಮ್ಮದನ್ನೂ ತರುತ್ತಾರೆ.

ಪೋಸ್ಟ್ ಒಂದು ನ್ಯಾಯಾಲಯದಲ್ಲಿ ಏನಾಗಿ ಮಾರ್ಪಡುತ್ತದೆ ಎಂಬುದನ್ನು ತುಸು ವಿವರವಾಗಿ ತಿಳಿಯಬೇಕು, ಏಕೆಂದರೆ ಈ ವಿಷಯದಲ್ಲಿ ತಪ್ಪು ಕಲ್ಪನೆಗಳು ಬಹಳವಾಗಿವೆ. ಸ್ಕ್ರೀನ್‌ಶಾಟ್‌ಗೆ ಬೆಲೆಯಿಲ್ಲ, ಅದನ್ನು ಯಾರು ಬೇಕಾದರೂ ತಿದ್ದಬಹುದು ಎಂಬ ಮಾತು ಜನಜನಿತವಾಗಿದೆ, ಆದರೆ ಅದು ಪೂರ್ತಿ ನಿಜವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ವಿದ್ಯುನ್ಮಾನ ದಾಖಲೆಗಳಿಗೆ, ಅಂದರೆ ಫೋನು, ಕಂಪ್ಯೂಟರುಗಳಲ್ಲಿ ಹುಟ್ಟಿದ ಅಥವಾ ಉಳಿದ ಸಂದೇಶ, ಚಿತ್ರ, ಧ್ವನಿಮುದ್ರಿಕೆಗಳಿಗೆ, ಒಂದು ದೃಢೀಕರಣ ಪತ್ರವನ್ನು ಬೇಡುತ್ತದೆ. ಅದರ ಮೊದಲ ಭಾಗವನ್ನು ದಾಖಲೆ ಹಾಜರುಪಡಿಸುವವರೂ, ಎರಡನೆಯ ಭಾಗವನ್ನು ತಜ್ಞರೂ ತುಂಬಬೇಕು, ಮತ್ತು ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಮೌಲ್ಯವೆಂದರೆ ಒಂದು ಕಡತದ ಒಳಗಿನದನ್ನೆಲ್ಲ ಗಣಿತ ಸೂತ್ರವೊಂದಕ್ಕೆ ಒಳಪಡಿಸಿ ಪಡೆದ ಅಂಕಿ ಅಕ್ಷರಗಳ ಸಾಲು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಆ ಸಾಲು ಬದಲಾಗುವುದರಿಂದ ತಿದ್ದಿದ್ದು ಗೊತ್ತಾಗುತ್ತದೆ. ಇಷ್ಟೆಲ್ಲ ಬಿಗಿ ಇದ್ದರೂ ಕೌಟುಂಬಿಕ ನ್ಯಾಯಾಲಯಕ್ಕೆ ಇನ್ನೊಂದು ವಿಶೇಷ ಅಧಿಕಾರವಿದೆ. ವಿವಾದವನ್ನು ಸಮರ್ಪಕವಾಗಿ ಇತ್ಯರ್ಥಗೊಳಿಸಲು ನೆರವಾಗುತ್ತದೆ ಎನಿಸಿದ ಯಾವುದೇ ವರದಿ, ಹೇಳಿಕೆ, ದಾಖಲೆ ಅಥವಾ ಮಾಹಿತಿಯನ್ನು, ಅದು ಸಾಮಾನ್ಯ ಸಾಕ್ಷ್ಯ ನಿಯಮದ ಪ್ರಕಾರ ಸ್ವೀಕಾರಾರ್ಹವಲ್ಲದಿದ್ದರೂ, ಸ್ವೀಕರಿಸಬಹುದೆಂದು 1984ರ ಅಧಿನಿಯಮದ 14ನೇ ಸೆಕ್ಷನ್ ಹೇಳುತ್ತದೆ. ಸ್ವೀಕರಿಸಿದ ಮಾತ್ರಕ್ಕೆ ನಂಬಿದಂತಾಗುವುದಿಲ್ಲ ಎಂಬುದು ನಿಜ. ಆದರೂ ಪಕ್ಷಗಾರರು ರಾತ್ರಿಯ ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲು, ನಿಶಾನೆ ಎಂಬ ಗುರುತಿನ ಸಂಖ್ಯೆ ಹೊತ್ತು ಕಡತದೊಳಗೆ ಸೇರಿಬಿಟ್ಟ ಮೇಲೆ, ಅದಕ್ಕೆ ಪಾಟಿ ಸವಾಲಿನಲ್ಲಿ ಉತ್ತರ ಹೇಳಬೇಕಾದವರು ಅವರೇ.

ಗಂಡ ಹೆಂಡಿರ ನಡುವಿನ ಖಾಸಗಿ ಮಾತು ಕಟಕಟೆಗೆ ಬರಲಾರದು ಎಂಬ ಇನ್ನೊಂದು ನಂಬಿಕೆಯನ್ನೂ ಇಲ್ಲಿ ಪರಿಶೀಲಿಸಬೇಕು. ದಾಂಪತ್ಯ ಕಾಲದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು ಬಹಿರಂಗಪಡಿಸುವಂತೆ ಒತ್ತಾಯಿಸಬಾರದೆಂದು ಹಳೆಯ ಸಾಕ್ಷ್ಯ ಕಾನೂನಿನ 122ನೇ ಸೆಕ್ಷನ್ ರಕ್ಷಣೆ ನೀಡಿತ್ತು, ಈಗಿನ ಕಾನೂನಿನ 128ನೇ ಸೆಕ್ಷನ್ ಅದನ್ನು ಮುಂದುವರಿಸಿದೆ. ಆದರೆ ದಂಪತಿಗಳ ನಡುವೆಯೇ ನಡೆಯುವ ದಾವೆಗಳಿಗೆ ಅದರಲ್ಲಿ ವಿನಾಯಿತಿ ಇದೆ. ಪಂಜಾಬಿನ ಬಠಿಂಡಾದ ಕೌಟುಂಬಿಕ ನ್ಯಾಯಾಲಯ, ಪತಿಯೊಬ್ಬರು ಪತ್ನಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಂಡಿದ್ದ ದೂರವಾಣಿ ಸಂಭಾಷಣೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಒಪ್ಪಿತ್ತು. ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಖಾಸಗಿತನದ ಉಲ್ಲಂಘನೆ ಎಂದು ತಳ್ಳಿಹಾಕಿತು. 2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠ ಕೌಟುಂಬಿಕ ನ್ಯಾಯಾಲಯದ ನಿಲುವನ್ನೇ ಮರುಸ್ಥಾಪಿಸಿತು. ಪತಿ ಪತ್ನಿಯರು ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತ ತಲುಪಿದ್ದರೆ ಅದೇ ಆ ದಾಂಪತ್ಯ ಮುರಿದಿರುವುದರ ಲಕ್ಷಣ ಎಂಬುದು ಪೀಠದ ಅಭಿಪ್ರಾಯವಾಗಿತ್ತು. ಈ ತೀರ್ಪಿನ ಒಪ್ಪು ತಪ್ಪುಗಳ ಬಗ್ಗೆ ಚರ್ಚೆ ಮುಂದುವರಿಯಬಹುದು, ಮುಂದುವರಿಯಬೇಕು ಕೂಡ, ಏಕೆಂದರೆ ಒಂದೇ ಮನೆಯಲ್ಲಿ ಫೋನಿನ ಮೇಲೆ ಹಿಡಿತ ಇರುವವರ ಕೈ ಇದರಿಂದ ಬಲಗೊಳ್ಳುವ ಸಂಭವವಿದೆ. ಆದರೆ ವ್ಯಾಜ್ಯದ ನಡುವೆ ಇರುವವರ ಮಟ್ಟಿಗೆ ಇದರ ಅರ್ಥ ನೇರವಾದದ್ದು: ಸಂಗಾತಿಗೆ ಕಳುಹಿಸುವ ಪ್ರತಿ ಧ್ವನಿ ಸಂದೇಶವನ್ನೂ ಮುಂದೊಂದು ದಿನ ನ್ಯಾಯಾಧೀಶರು ಕೇಳಬಹುದೆಂದು ಭಾವಿಸಿಯೇ ಮಾತನಾಡಬೇಕಾಗಿದೆ.

ಜೀವನಾಂಶದ ವಿಚಾರದಲ್ಲಿ ಚಿತ್ರಗಳೇ ಮಾತನಾಡುತ್ತವೆ. ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶ ಕೇಳುವವರೂ ಕೊಡಬೇಕಾದವರೂ ತಮ್ಮ ಆದಾಯ, ಆಸ್ತಿ, ಸಾಲ ಮತ್ತು ಖರ್ಚುಗಳನ್ನು ಪ್ರಮಾಣಪತ್ರದ ಮೂಲಕ ಬಹಿರಂಗಪಡಿಸಬೇಕೆಂದು ನಿರ್ದೇಶಿಸಿತು. ಪ್ರಮಾಣಪತ್ರದಲ್ಲಿ ಕೆಲಸ ಹೋಗಿದೆ ಎಂದು ಹೇಳಿಕೊಂಡವರ ಲಿಂಕ್ಡ್‌ಇನ್ ಪುಟದಲ್ಲಿ ಹೊಸ ಹುದ್ದೆಗೆ ಬಂದ ಅಭಿನಂದನೆಗಳಿದ್ದರೆ, ಆದಾಯವೇ ಇಲ್ಲ ಎಂದವರ ಪುಟದಲ್ಲಿ ಮನೆಯಿಂದ ನಡೆಸುವ ಸೀರೆ ಅಥವಾ ಕೇಕ್ ವ್ಯಾಪಾರದ ಬೆಲೆಪಟ್ಟಿಯಿದ್ದರೆ, ಎದುರು ಪಕ್ಷದ ವಕೀಲರಿಗೆ ಬೇರೆ ಶ್ರಮವೇ ಬೇಕಾಗುವುದಿಲ್ಲ. ಇಲ್ಲಿ ಸುಳ್ಳು ಹೇಳಿದವರ ಪಾಡು ಹಾಗಿರಲಿ. ಸತ್ಯ ಹೇಳಿದವರೂ ಸಿಕ್ಕಿಬೀಳುತ್ತಾರೆ ಎಂಬುದೇ ಹೆಚ್ಚು ಗಮನಿಸಬೇಕಾದ ಸಂಗತಿ. ಅಕ್ಕನ ಮನೆಯ ಗೃಹಪ್ರವೇಶದಲ್ಲಿ ಅಕ್ಕನದೇ ಒಡವೆ ತೊಟ್ಟು ತೆಗೆಸಿಕೊಂಡ ಚಿತ್ರ, ಗೆಳೆಯನ ಕಾರಿಗೆ ಒರಗಿ ನಿಂತ ಚಿತ್ರ, ಕಚೇರಿಯ ಖರ್ಚಿನಲ್ಲಿ ಹೋದ ಗೋವಾ ಪ್ರವಾಸದ ಚಿತ್ರ, ಇವು ಯಾವುವೂ ಆದಾಯದ ಪುರಾವೆಯಲ್ಲ. ಆದರೆ ಪುರಾವೆಯಲ್ಲ ಎಂದು ವಿವರಿಸಲು ಒಂದೋ ಎರಡೋ ಮುದ್ದತು, ಅಂದರೆ ವಿಚಾರಣೆಯ ದಿನಾಂಕಗಳು, ಕಳೆದುಹೋಗುತ್ತವೆ, ಮತ್ತು ಅಷ್ಟು ದಿನ ಮಧ್ಯಂತರ ಜೀವನಾಂಶಕ್ಕಾಗಿ ಕಾದಿರುವ ಮನೆಯಲ್ಲಿ ಬಾಡಿಗೆಯೂ ಶಾಲೆಯ ಶುಲ್ಕವೂ ನಿಲ್ಲುವುದಿಲ್ಲ.

ವಿಚ್ಛೇದನದ ಆಧಾರಗಳಲ್ಲಿ ಒಂದಾದ ಕ್ರೌರ್ಯ ಎಂಬುದು ಹೊಡೆತ ಬಡಿತಗಳಿಗೆ ಸೀಮಿತವಾಗಿಲ್ಲ. ಸಮರ್ ಘೋಷ್ ಪ್ರಕರಣದ 2007ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮಾನಸಿಕ ಕ್ರೌರ್ಯದ ಹಲವು ರೂಪಗಳನ್ನು ಉದಾಹರಣೆಯಾಗಿ ಪಟ್ಟಿ ಮಾಡಿತು; 2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ, ಮಾನಸಿಕ ಕ್ರೌರ್ಯಕ್ಕೆ ಒಂದೇ ಸೂರಿನಡಿ ಬದುಕುತ್ತಿರಬೇಕೆಂಬ ಷರತ್ತಿಲ್ಲ, ದೂರದಲ್ಲಿದ್ದುಕೊಂಡೇ ಅಶ್ಲೀಲವಾದ, ಮಾನಹಾನಿಕರವಾದ ಪತ್ರಗಳನ್ನು ಕಳುಹಿಸುವ ಮೂಲಕವೂ ಅದನ್ನು ಎಸಗಬಹುದು ಎಂದು ಸ್ಪಷ್ಟಪಡಿಸಿತು. ಕಾಗದದ ಪತ್ರಕ್ಕೆ ಅನ್ವಯಿಸಿದ ಈ ತರ್ಕ ನೂರಾರು ಜನ ಓದುವ ಪೋಸ್ಟ್‌ಗೆ ಇನ್ನೂ ಹೆಚ್ಚಾಗಿಯೇ ಅನ್ವಯಿಸುತ್ತದೆ. ಹೀಗಾಗಿ ಅರ್ಜಿ ಹಾಕುವಾಗ ಯಾರ ಮೇಲೆ ಕ್ರೌರ್ಯದ ಆರೋಪವೇ ಇರಲಿಲ್ಲವೋ ಅವರ ವಿರುದ್ಧವೂ ವ್ಯಾಜ್ಯದ ಅವಧಿಯ ನಡವಳಿಕೆಯಿಂದಲೇ ಹೊಸ ಆರೋಪವೊಂದು ಹುಟ್ಟಿಕೊಳ್ಳಬಹುದು.

ಪರಸ್ಪರ ಒಪ್ಪಿಗೆಯ ವಿಚ್ಛೇದನ ಕೋರಿದವರಿಗೆ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ಹಿಂದೂ ವಿವಾಹ ಅಧಿನಿಯಮದ 13ಬಿ ಸೆಕ್ಷನ್ ಪ್ರಕಾರ ಜಂಟಿ ಅರ್ಜಿ ಸಲ್ಲಿಸಿದ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಬಂದು ತಮ್ಮ ಒಪ್ಪಿಗೆಯನ್ನು ಖಚಿತಪಡಿಸಬೇಕು. ತಕ್ಕ ಸಂದರ್ಭಗಳಲ್ಲಿ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಸುರೇಷ್ಟಾ ದೇವಿ ಪ್ರಕರಣದ 1991ರ ತೀರ್ಪಿನಂತೆ ಡಿಕ್ರಿ, ಅಂದರೆ ವಿಚ್ಛೇದನವನ್ನು ಮಂಜೂರು ಮಾಡುವ ಆದೇಶ, ಆಗುವವರೆಗೂ ಒಪ್ಪಿಗೆ ಜೀವಂತವಾಗಿರಬೇಕು, ಇಬ್ಬರಲ್ಲಿ ಒಬ್ಬರು ಅದನ್ನು ಹಿಂತೆಗೆದುಕೊಳ್ಳಲೂಬಹುದು. ಹಿರಿಯರು ಕುಳಿತು ಮಾತನಾಡಿ, ವಕೀಲರು ಕರಡು ತಿದ್ದಿ, ಒಡವೆ, ಠೇವಣಿ, ಮಗುವಿನ ಭೇಟಿಯ ದಿನಗಳವರೆಗೆ ಎಲ್ಲವನ್ನೂ ಒಪ್ಪಿಸಿ ತಂದ ಒಡಂಬಡಿಕೆ ಈ ತಿಂಗಳುಗಳಲ್ಲಿ ಬಲು ನಾಜೂಕಾದ ಸ್ಥಿತಿಯಲ್ಲಿರುತ್ತದೆ. ಪೀಡೆ ತೊಲಗಿತು ಎಂಬ ಧಾಟಿಯ ಒಂದು ಸ್ಟೇಟಸ್, ಹೆಸರು ಹೇಳದೆ ಚುಚ್ಚಿದ ಒಂದು ರೀಲ್, ಅಣ್ಣನೋ ಅತ್ತಿಗೆಯೋ ಹಾಕಿದ ಒಂದು ವ್ಯಂಗ್ಯದ ಕಾಮೆಂಟ್ ಸಾಕು, ಒಪ್ಪಿಕೊಂಡಿದ್ದವರು ಹಠಕ್ಕೆ ಬಿದ್ದು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು. ಅಲ್ಲಿಂದ ಮುಂದೆ ಉಳಿಯುವುದು ಆರೋಪ, ಪ್ರತ್ಯಾರೋಪ, ಸಾಕ್ಷಿ ವಿಚಾರಣೆಗಳ ವರ್ಷಗಟ್ಟಲೆಯ ಹಾದಿ.

ಮುಸ್ಲಿಂ ದಂಪತಿಗಳ ವಿಷಯದಲ್ಲಿ ಸಂದೇಶವೇ ಅಪರಾಧವಾಗುವ ಸಂದರ್ಭವೂ ಉಂಟು. 2019ರ ಮುಸ್ಲಿಂ ಮಹಿಳೆಯರ (ವಿವಾಹ ಹಕ್ಕುಗಳ ರಕ್ಷಣೆ) ಅಧಿನಿಯಮವು ಒಂದೇ ಉಸಿರಿಗೆ ಹೇಳುವ ತಕ್ಷಣದ ತಲಾಖನ್ನು, ಅದು ಮಾತಿನಲ್ಲಿರಲಿ, ಬರಹದಲ್ಲಿರಲಿ, ವಿದ್ಯುನ್ಮಾನ ರೂಪದಲ್ಲಿರಲಿ, ಅಸಿಂಧುವೆಂದು ಸಾರಿ, ಹಾಗೆ ಹೇಳಿದ ಪತಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ನೀಡಿದೆ. ವಾಟ್ಸ್‌ಆ್ಯಪ್‌ನಲ್ಲಿ ಮೂರು ಬಾರಿ ಒತ್ತಿ ಕಳುಹಿಸಿದ ಆ ಪದದಿಂದ ಮದುವೆ ಮುರಿಯುವುದಿಲ್ಲ, ಕಳುಹಿಸಿದವನ ವಿರುದ್ಧ ಪುರಾವೆ ಮಾತ್ರ ಸಿದ್ಧವಾಗುತ್ತದೆ.

ಹೊಸ ಸಂಬಂಧದ ವಿಷಯ ಸೂಕ್ಷ್ಮವಾದದ್ದು. ಬೇರೆಯಾಗಿ ಬಹುಕಾಲವಾದವರು ಇನ್ನೊಬ್ಬರ ಸ್ನೇಹದಲ್ಲಿ ನೆಮ್ಮದಿ ಕಾಣುವುದನ್ನು ಈ ಪತ್ರ ಆಕ್ಷೇಪಿಸುವುದಿಲ್ಲ. ಆದರೆ 2018ರ ಜೋಸೆಫ್ ಶೈನ್ ತೀರ್ಪಿನಿಂದ ವ್ಯಭಿಚಾರ ದಂಡನೀಯ ಅಪರಾಧವಾಗಿ ಉಳಿಯದಿದ್ದರೂ ವಿಚ್ಛೇದನದ ಆಧಾರವಾಗಿ ಉಳಿದೇ ಇದೆ. ಡಿಕ್ರಿಗೆ ಮೊದಲೇ ವಧೂವರರ ಜಾಲತಾಣದಲ್ಲಿ ಅವಿವಾಹಿತ ಎಂದು ಹೆಸರು ನೋಂದಾಯಿಸುವುದು, ಜೋಡಿ ಚಿತ್ರಗಳನ್ನು ಹಾಕುವುದು, ಇವುಗಳಿಂದ ಎದುರು ಪಕ್ಷಕ್ಕೆ ಸಿಗುವ ಆಯುಧ ಸಣ್ಣದಲ್ಲ. ಡಿಕ್ರಿಯಾದ ಮೇಲೂ ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಅಥವಾ ಸಲ್ಲಿಸಿದ ಮೇಲ್ಮನವಿ ವಜಾ ಆಗುವವರೆಗೆ, ಮರುಮದುವೆಗೆ ಹಿಂದೂ ವಿವಾಹ ಅಧಿನಿಯಮದ 15ನೇ ಸೆಕ್ಷನ್ ಅನುಮತಿ ನೀಡುವುದಿಲ್ಲ ಎಂಬುದನ್ನು ನಿಶ್ಚಿತಾರ್ಥದ ಆಮಂತ್ರಣ ಹಂಚುವ ಆತುರದಲ್ಲಿರುವ ಮನೆಯವರು ತಿಳಿದಿರಬೇಕು.

ಇಷ್ಟನ್ನು ಓದಿದವರಿಗೆ ಮೊದಲು ಹೊಳೆಯುವುದು ಎಲ್ಲವನ್ನೂ ಅಳಿಸಿಬಿಡುವ ಯೋಚನೆ. ಅದು ಇನ್ನೊಂದು ಬಗೆಯ ತಪ್ಪು. ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾಗಬಹುದಾದ ದಾಖಲೆಯನ್ನು ಅದು ಬೆಳಕಿಗೆ ಬಾರದಿರಲೆಂದು ನಾಶಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ, ಮತ್ತು ತಮ್ಮ ಬಳಿಯಿರುವ ಸಾಕ್ಷ್ಯವನ್ನು ತಡೆಹಿಡಿದವರಿಗೆ ಅದು ಪ್ರತಿಕೂಲವಾಗಿದ್ದಿರಬೇಕು ಎಂದು ನ್ಯಾಯಾಲಯ ಊಹಿಸಿಕೊಳ್ಳಬಹುದು. ಅಲ್ಲದೆ ಅಳಿಸಿದ್ದು ನಿಜವಾಗಿ ಅಳಿದಿರುವುದೂ ಅಪರೂಪ. ಎಲ್ಲರಿಗೂ ಅಳಿಸು ಎಂದು ಒತ್ತಿದರೂ ಸಂದೇಶ ಅಳಿಸಲಾಗಿದೆ ಎಂಬ ಗುರುತು ಉಳಿಯುತ್ತದೆ, ಎದುರಿನವರು ಅಷ್ಟರಲ್ಲೇ ಚಿತ್ರ ತೆಗೆದುಕೊಂಡಿರುತ್ತಾರೆ. ಮಾಡಬೇಕಾದದ್ದು ಬೇರೆ: ಖಾತೆಗಳನ್ನು ಅಪರಿಚಿತರಿಗೆ ಕಾಣದಂತೆ ಖಾಸಗಿಯಾಗಿಸಬಹುದು, ಹೊಸದಾಗಿ ಬರೆಯುವುದನ್ನು ನಿಲ್ಲಿಸಬಹುದು, ಹಳೆಯ ಪೋಸ್ಟ್‌ಗಳನ್ನು ತೆಗೆಯುವ ಮೊದಲು ವಕೀಲರನ್ನು ಕೇಳಬಹುದು. ಸಂಗಾತಿಯಿಂದ ಬಂದ ಬೈಗುಳ, ಬೆದರಿಕೆ, ಹಣದ ಬೇಡಿಕೆಗಳನ್ನು ದಿನಾಂಕ ಮತ್ತು ಸಮಯ ಕಾಣುವಂತೆ, ಹಿಂದು ಮುಂದಿನ ಮಾತುಗಳ ಸಮೇತ ಉಳಿಸಿಕೊಂಡು, ಆ ಸಂದೇಶಗಳಿರುವ ಮೂಲ ಫೋನನ್ನು ಮಾರದೆ, ಹೊಸದಕ್ಕೆ ವಿನಿಮಯ ಮಾಡಿಕೊಳ್ಳದೆ ಎತ್ತಿಡಬೇಕು. ಮುಂದೆ ತಜ್ಞರು ಹ್ಯಾಶ್ ಮೌಲ್ಯ ತೆಗೆಯಬೇಕಾದಾಗ ಬೇಕಾಗುವುದು ಆ ಫೋನೇ.

ತಮ್ಮದನ್ನು ಉಳಿಸಿಕೊಳ್ಳುವ ಹಕ್ಕು ಸಂಗಾತಿಯ ಖಾತೆಯೊಳಗೆ ನುಗ್ಗುವ ಹಕ್ಕಾಗುವುದಿಲ್ಲ. ವಿಭೋರ್ ಗರ್ಗ್ ತೀರ್ಪು ಸಾಕ್ಷ್ಯದ ಸ್ವೀಕಾರವನ್ನು ಕುರಿತದ್ದು. ಅದನ್ನು ಬೇಹುಗಾರಿಕೆಗೆ ದೊರೆತ ಪರವಾನಗಿ ಎಂದು ಓದಬಾರದು. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಮೋಸದಿಂದ ಒಳಹೊಕ್ಕರೆ ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 66ಸಿ ಸೆಕ್ಷನ್ ಪ್ರಕಾರ ಮೂರು ವರ್ಷಗಳವರೆಗೆ ಶಿಕ್ಷೆಯಾಗಬಹುದು; ಮಹಿಳೆಯೊಬ್ಬರ ಅಂತರ್ಜಾಲ ಬಳಕೆಯ ಮೇಲೆ ಪುರುಷನೊಬ್ಬ ಕಣ್ಗಾವಲು ಇಡುವುದನ್ನು ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಹಿಂಬಾಲಿಕೆಯ ಅಪರಾಧದಲ್ಲಿ ಸೇರಿಸಿದೆ. ಎಲ್ಲಕ್ಕಿಂತ ಹೇಯವಾದದ್ದು, ಪ್ರೀತಿ ವಿಶ್ವಾಸಗಳಿದ್ದ ಕಾಲದಲ್ಲಿ ತೆಗೆದ ಖಾಸಗಿ ಚಿತ್ರ, ವಿಡಿಯೊಗಳನ್ನು ಈಗ ಹಂಚುವುದು ಅಥವಾ ಹಂಚುವೆನೆಂದು ಹೆದರಿಸುವುದು. ಅಂದು ತೆಗೆಯಲು ಕೊಟ್ಟ ಸಮ್ಮತಿ ಇಂದು ಪ್ರಕಟಿಸಲು ಕೊಟ್ಟ ಸಮ್ಮತಿಯಲ್ಲ. ಲೈಂಗಿಕ ಕ್ರಿಯೆಯನ್ನು ತೋರಿಸುವ ವಿಷಯದ ಪ್ರಸಾರಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮದ 67ಎ ಸೆಕ್ಷನ್ ಮೊದಲ ಬಾರಿಗೇ ಐದು ವರ್ಷಗಳವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುತ್ತದೆ. ಇಂತಹ ಬೆದರಿಕೆಗೆ ಗುರಿಯಾದವರು ನಾಚಿಕೆಯಿಂದ ಸುಮ್ಮನಿರದೆ ಸೈಬರ್ ಅಪರಾಧ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲ್‌ಗೆ ದೂರು ಕೊಡಬೇಕು; ನಾಚಬೇಕಾದವರು ಅವರಲ್ಲ.

ಬೇರೆಯಾದ ದಿನವೇ ತಮ್ಮ ಫೋನಿನ ಒಳಗನ್ನೂ ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ಹಳೆಯ ಮನೆಯ ಲ್ಯಾಪ್‌ಟಾಪ್‌ನಲ್ಲಿ ವಾಟ್ಸ್‌ಆ್ಯಪ್ ಇನ್ನೂ ತೆರೆದಿರಬಹುದು. ಅದರ ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ನೋಡಿ ತೆಗೆದುಹಾಕಬೇಕು. ಗೂಗಲ್ ಫೋಟೋಸ್ ಇಬ್ಬರಿಗೂ ಹಂಚಿಕೆಯಾಗಿರಬಹುದು, ಗೂಗಲ್ ಮ್ಯಾಪ್ಸ್‌ನಲ್ಲಿ ಇರುವ ಜಾಗ ತಿಳಿಸುವ ಸೌಲಭ್ಯ ಚಾಲೂ ಇರಬಹುದು, ಬ್ಯಾಂಕಿನ ಒಟಿಪಿ ಸಂಗಾತಿಯ ಸಂಖ್ಯೆಗೆ ಹೋಗುತ್ತಿರಬಹುದು, ಮಗುವಿನ ಟ್ಯಾಬ್‌ನಲ್ಲಿ ತಾಯಿಯ ಇಮೇಲ್ ಇರಬಹುದು. ಹಿಂಸೆಗೆ ಹೆದರಿ ತವರಿಗೋ ಸಾಂತ್ವನ ಕೇಂದ್ರಕ್ಕೋ ಬಂದ ಮಹಿಳೆಯ ಪಾಲಿಗೆ ಇದು ಜೀವದ ಪ್ರಶ್ನೆಯೇ ಆಗಬಹುದು.

ಮಕ್ಕಳ ವಿಚಾರಕ್ಕೆ ಬಂದಾಗ ಕಾನೂನಿನ ಮಾತು ಸಾಲದು ಎನಿಸಿದರೂ ಅಲ್ಲಿಂದಲೇ ಆರಂಭಿಸಬೇಕು. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮ 1956ರ 13ನೇ ಸೆಕ್ಷನ್ ಮಗುವಿನ ಕ್ಷೇಮವೇ ಪರಮೋಚ್ಚ ಎನ್ನುತ್ತದೆ. ಸುಪರ್ದಿ, ಅಂದರೆ ಮಗು ಯಾರ ಬಳಿ ಬೆಳೆಯಬೇಕು ಎಂಬ ಪ್ರಶ್ನೆಯನ್ನು ನಿರ್ಧರಿಸುವಾಗ ನ್ಯಾಯಾಧೀಶರು ನೋಡುವುದು ಯಾವ ಪೋಷಕರು ಇನ್ನೊಬ್ಬ ಪೋಷಕರ ಜೊತೆಗಿನ ಮಗುವಿನ ನಂಟನ್ನು ಕಾಯುತ್ತಾರೆ ಎಂಬುದನ್ನೂ ಕೂಡ. ಅಪ್ಪನನ್ನು ಹಳಿಯುವ ಮಾತನ್ನು ಐದು ವರ್ಷದ ಮಗಳ ಬಾಯಲ್ಲಿ ಹೇಳಿಸಿ ರೀಲ್ ಮಾಡಿದ ತಾಯಿಯೂ, ಭೇಟಿಯ ದಿನ ತನ್ನ ತೋಳಿನಲ್ಲಿ ಅಳುತ್ತಿರುವ ಮಗನ ಚಿತ್ರ ಹಾಕಿ ತಾಯಿಯ ವಿರುದ್ಧ ಜನರ ಕರುಣೆ ಬೇಡಿದ ತಂದೆಯೂ ಈ ಪರೀಕ್ಷೆಯಲ್ಲಿ ತಮಗೆ ತಾವೇ ಕೆಡುಕು ಮಾಡಿಕೊಳ್ಳುತ್ತಾರೆ. ಆದರೆ ತೀರ್ಪಿನ ಆಚೆಗೂ ಒಂದು ಲೆಕ್ಕವಿದೆ. ಶಾಲೆಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಓದಿದ್ದು ಮರುದಿನ ತರಗತಿಯಲ್ಲಿ ಮಕ್ಕಳ ಬಾಯಿಗೆ ಬರುತ್ತದೆ. ಏಳನೇ ತರಗತಿಯ ಹುಡುಗಿಗೆ ತನ್ನ ಅಮ್ಮನ ಬಗ್ಗೆ ಅಪ್ಪ ಏನು ಬರೆದಿದ್ದಾನೆಂಬುದು ಸಹಪಾಠಿಯಿಂದ ತಿಳಿಯುವುದಕ್ಕಿಂತ ಕ್ರೂರವಾದದ್ದು ಆ ವಯಸ್ಸಿನಲ್ಲಿ ಹೆಚ್ಚೇನಿಲ್ಲ. ಇಂದು ಓದು ಬಾರದ ಮಗುವೂ ಹತ್ತು ವರ್ಷಗಳ ನಂತರ ಹೆಸರು ಹುಡುಕಿ ಎಲ್ಲವನ್ನೂ ಓದಬಲ್ಲದು, ಆ ಹೊತ್ತಿಗೆ ಬರೆದವರಿಗೇ ಆ ಸಿಟ್ಟಿನ ಕಾರಣ ನೆನಪಿರುವುದಿಲ್ಲ. ಆದುದರಿಂದ ವ್ಯಾಜ್ಯ ನಡೆಯುವಷ್ಟು ಕಾಲ ಮಗುವಿನ ಮುಖ, ಶಾಲೆಯ ಸಮವಸ್ತ್ರ, ಮನೆಯ ವಿಳಾಸ ಸೂಚಿಸುವ ಯಾವ ಚಿತ್ರವನ್ನೂ ಸಾರ್ವಜನಿಕವಾಗಿ ಹಾಕದಿರುವುದು, ಪ್ರೊಫೈಲ್ ಚಿತ್ರವಾಗಿಯೂ ಬಳಸದಿರುವುದು, ಇಬ್ಬರೂ ಒಪ್ಪಿಕೊಳ್ಳಬಹುದಾದ ಮೊದಲ ಒಪ್ಪಂದವಾಗಲಿ ಎಂದು ಈ ಪತ್ರ ಕಳಕಳಿಯಿಂದ ಕೋರುತ್ತದೆ.

ಬಂಧುಗಳಿಗೆ ಒಂದು ಪ್ರತ್ಯೇಕ ಮಾತು. ದಂಪತಿಗಳು ಮೌನವಾಗಿದ್ದರೂ ಸೋದರಮಾವ, ಚಿಕ್ಕಮ್ಮ, ನಾದಿನಿ, ಭಾವಮೈದುನರು ಮೌನವಾಗಿರುವುದಿಲ್ಲ. ಮನೆತನದ ಗುಂಪು, ಊರಿನ ಗುಂಪು, ಜಾತಿ ಸಂಘದ ಗುಂಪುಗಳಲ್ಲಿ ಮಾತು ಹರಿದಾಡುತ್ತದೆ. ದುಬೈ, ಲಂಡನ್, ಡಲ್ಲಾಸ್‌ಗಳಲ್ಲಿರುವ ಕನ್ನಡಿಗರ ಗುಂಪುಗಳಿಗೂ ಅದು ಒಂದೇ ದಿನದಲ್ಲಿ ತಲುಪುತ್ತದೆ, ಅಲ್ಲಿ ಹಾಕಿದ್ದನ್ನು ತೆಗೆದು ಇಲ್ಲಿಯ ನ್ಯಾಯಾಲಯದಲ್ಲಿ ಹಾಜರುಪಡಿಸಲು ಸಮುದ್ರ ಅಡ್ಡಿಯಾಗುವುದಿಲ್ಲ. ಫಾರ್ವರ್ಡ್ ಮಾಡಿದೆ ಅಷ್ಟೆ, ಬರೆದದ್ದು ಬೇರೆಯವರು ಎಂಬ ಸಮಾಧಾನಕ್ಕೂ ಆಧಾರವಿಲ್ಲ, ಏಕೆಂದರೆ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನಹಾನಿಕರ ಆರೋಪವನ್ನು ಮಾಡುವುದರ ಜೊತೆಗೆ ಪ್ರಕಟಿಸುವುದನ್ನೂ ಸೇರಿಸಿ ಎರಡು ವರ್ಷಗಳವರೆಗೆ ಶಿಕ್ಷೆ ಹೇಳುತ್ತದೆ. ಬಂಧುಗಳ ಕೋಪದ ಮೂಲದಲ್ಲಿರುವುದು ಪ್ರೀತಿಯೇ ಎಂಬುದರಲ್ಲಿ ಸಂದೇಹವಿಲ್ಲ. ಆ ಪ್ರೀತಿಯನ್ನು ವಿಚಾರಣೆಯ ದಿನ ನ್ಯಾಯಾಲಯಕ್ಕೆ ಜೊತೆಯಲ್ಲಿ ಹೋಗುವುದರಲ್ಲಿ, ಮಗುವನ್ನು ಶಾಲೆಯಿಂದ ಕರೆತರುವುದರಲ್ಲಿ, ನಿದ್ದೆ ಬಾರದ ರಾತ್ರಿ ಫೋನು ಎತ್ತಿ ಕೇಳಿಸಿಕೊಳ್ಳುವುದರಲ್ಲಿ ತೋರಿಸಬಹುದು.

ಇಲ್ಲಿ ಹೇಳಿದ ಮೌನವನ್ನು ಹಿಂಸೆಯನ್ನು ನುಂಗಿಕೊಳ್ಳುವ ಮೌನವೆಂದು ಯಾರೂ ತಿಳಿಯಬಾರದು. ಹಾಗೆ ತಿಳಿಸಿ ಮಹಿಳೆಯರ ಬಾಯಿ ಮುಚ್ಚಿಸುವವರಿಗೆ ಈ ಪತ್ರದ ಬೆಂಬಲವಿಲ್ಲ. ಹೊಡೆತ, ಬೆದರಿಕೆ, ಕಿರುಕುಳ ಇರುವಲ್ಲಿ ತಕ್ಷಣ ಮಾತನಾಡಬೇಕು, ಮಾತಿಗೆ ಬಲವಿರುವ ಕಡೆ ಮಾತನಾಡಬೇಕು: ತುರ್ತಾಗಿ 112, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಅಧಿನಿಯಮ 2005ರ 18ನೇ ಸೆಕ್ಷನ್ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ದೂರವಾಣಿ ಮತ್ತು ವಿದ್ಯುನ್ಮಾನ ಸಂಪರ್ಕವನ್ನೂ ಸೇರಿಸಿ ಎಲ್ಲ ಬಗೆಯ ಸಂಪರ್ಕವನ್ನು ನಿಷೇಧಿಸಬಲ್ಲರು, ಮತ್ತು ಸಂಗಾತಿಯ ಸಂದೇಶಗಳ ಕಾಟಕ್ಕೆ ಸಾವಿರ ಲೈಕುಗಳು ಕೊಡಲಾರದ ಪರಿಹಾರವನ್ನು ಆ ಆದೇಶ ಕೊಡುತ್ತದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1987ರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಸುಳ್ಳು ಆರೋಪದಿಂದ ನೊಂದ ಪುರುಷರಿಗೂ ತಮ್ಮ ವಿವರಣೆಯನ್ನು ಒಪ್ಪಿಸಲು ಇರುವ ಸರಿಯಾದ ಜಾಗ ನ್ಯಾಯಾಲಯವೇ. ಮನಸ್ಸು ಕುಸಿದವರು, ಬದುಕು ಬೇಡವೆನಿಸಿದವರು ಅದನ್ನು ಲೈವ್ ವಿಡಿಯೊದಲ್ಲಿ ಹೇಳುವ ಬದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ. ಅಲ್ಲಿ ಕೇಳಿಸಿಕೊಳ್ಳುವವರು ತರಬೇತಿ ಪಡೆದವರು, ಕೇಳಿದ್ದನ್ನು ಹಂಚದವರು.

ಕೊನೆಯದಾಗಿ ಒಂದು ವ್ಯಾವಹಾರಿಕ ಸಲಹೆ. ಕೌಟುಂಬಿಕ ನ್ಯಾಯಾಲಯವು ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು 1984ರ ಅಧಿನಿಯಮದ 9ನೇ ಸೆಕ್ಷನ್ ಹೇಳುವುದರಿಂದ, ಅನೇಕ ಪ್ರಕರಣಗಳು ಬೆಂಗಳೂರಿನ ನ್ಯಾಯದೇಗುಲದಲ್ಲಿರುವಂತಹ ಮಧ್ಯಸ್ಥಿಕೆ ಕೇಂದ್ರಗಳಿಗೆ ಹೋಗುತ್ತವೆ. ಮಧ್ಯಸ್ಥಿಕೆ ಎಂದರೆ ತೀರ್ಪು ಕೊಡುವ ಅಧಿಕಾರವಿಲ್ಲದ, ಆದರೆ ಇಬ್ಬರ ಮಾತನ್ನೂ ಗುಟ್ಟಾಗಿ ಆಲಿಸಿ ಒಪ್ಪಂದಕ್ಕೆ ನೆರವಾಗುವ ತರಬೇತಿ ಪಡೆದವರೊಬ್ಬರ ಮುಂದೆ ನಡೆಯುವ ಮಾತುಕತೆ. ಅದು ಮುರಿದುಬಿದ್ದರೆ ಒಳಗೆ ಆಡಿದ ಮಾತುಗಳು ನ್ಯಾಯಾಧೀಶರಿಗೆ ವರದಿಯಾಗುವುದಿಲ್ಲ. ಅಲ್ಲಿ ಜೀವನಾಂಶದ ಮೊತ್ತ, ಒಡವೆ, ಮಗುವಿನ ಭೇಟಿಗಳನ್ನು ಬರೆಯುವಾಗಲೇ ಜಾಲತಾಣಕ್ಕೂ ಒಂದೆರಡು ಷರತ್ತು ಸೇರಿಸುವಂತೆ ವಕೀಲರನ್ನು ಕೇಳಬೇಕು: ಒಬ್ಬರನ್ನು ಕುರಿತು ಇನ್ನೊಬ್ಬರಾಗಲಿ ಅವರ ಮನೆಯವರಾಗಲಿ ಬರೆಯಬಾರದು, ಈಗಾಗಲೇ ಬರೆದದ್ದನ್ನು ಇಂತಹ ದಿನಾಂಕದೊಳಗೆ ತೆಗೆಯಬೇಕು, ಖಾಸಗಿ ಚಿತ್ರಗಳ ಎಲ್ಲ ಪ್ರತಿಗಳನ್ನೂ ಡಿಕ್ರಿಯಾದ ಮೇಲೆ ಅಳಿಸಬೇಕು, ಮಗುವಿನ ಚಿತ್ರವನ್ನು ಇಬ್ಬರ ಒಪ್ಪಿಗೆಯಿಲ್ಲದೆ ಹಾಕಬಾರದು. ವ್ಯಾಜ್ಯದ ನಡುವೆ ಅಳಿಸಿದರೆ ತಪ್ಪಾಗುತ್ತಿದ್ದ ಅದೇ ಕೆಲಸ ನ್ಯಾಯಾಲಯ ದಾಖಲಿಸಿಕೊಂಡ ಒಪ್ಪಂದದಂತೆ ಮಾಡಿದಾಗ ಕರ್ತವ್ಯವಾಗುತ್ತದೆ, ಮತ್ತು ಅದನ್ನು ಮುರಿದವರನ್ನು ಮತ್ತೆ ಅದೇ ನ್ಯಾಯಾಲಯದ ಮುಂದೆ ಕರೆದು ನಿಲ್ಲಿಸಲು ಇನ್ನೊಬ್ಬರಿಗೆ ಹಾದಿ ಇರುತ್ತದೆ.